ಟ್ರಿಗರ್ ಎಲ್ಲಿಡ್ಬೇಕು ಅಂತ ನನ್ನ ನಾಯಿ ತೋರ್ಸಿದ್ದು

ಬೀರೂರಿನ ನಮ್ಮ ಕೊಬ್ಬರಿ ಮಂಡಿ ಕಂಪ್ಯೂಟರ್ ರೂಮಲ್ಲಿ ಫಜೀತಿ ಇಲ್ದಿರೋ ದಿನಾನೇ ಇಲ್ಲ. ಮಿಡ್‌ರೇಂಜ್ ಅಂತಾರೆ ಆ ಮಿಷನ್ನಿಗೆ, ಬೀರುವಿನಷ್ಟು ಎತ್ತರ. ಓದಿದ್ದು ನಾಲ್ಕನೇ ಕ್ಲಾಸಾದ್ರೂ ಅದಕ್ಕೆ ಟೇಪ್ ಹಾಕಿ ತೆಗೆಯೋನು ಎಲ್ರೂ ಅಜ್ಜ ಅನ್ನೋ ನಾನೇ. ನನ್ನ ಕೈಲಿ ಒಂದು ಟೇಪೂ ಹಾಳಾಗಿಲ್ಲ, ಬರ್ಕೊಳ್ಳಿ.

೧. ಟೀ ತೀರ್ಪು

ಫೈಲಲ್ಲಿ ಮೂಟೆ ರೆಡಿ ಅಂತ ಎಂಟ್ರಿ ಬಿದ್ರೆ ಸಾಕು, ತಾನಾಗೇ ಎದ್ದು ಲಾರಿ ಡ್ರೈವರ್‌ಗೆ ಮೆಸೇಜ್ ಕಳ್ಸೋ ಪ್ರೋಗ್ರಾಂ ಒಂದಿದೆ. ಅದೇ ಟ್ರಿಗರ್ರು. ಮಿಷನ್ ಒಳಗೆ ಇವನ್ನೆಲ್ಲ ಇಡೋ ಜಾಗಕ್ಕೆ ಲೈಬ್ರರಿ ಅಂತಾರೆ. ಪ್ರೋಗ್ರಾಂ ಬರ್ಯೋ ಕಡೂರಿನ ಮೇಡಂ, ಟ್ರಿಗರ್ ಫೈಲ್ ಇರೋ ಲೈಬ್ರರೀಲೇ ಇರ್ಲಿ ಅಂದ್ರು. ಅವರ ಮೇಲಿನ ಸಾಹೇಬ್ರು, ಪ್ರೋಗ್ರಾಂ ಎಲ್ಲಾ ಒಂದೇ ಕಡೆ ನೀಟಾಗಿರ್ಬೇಕು ಅಂತ ಬೇರೆ ಲೈಬ್ರರೀಲಿ ಇಡ್ಸಿದ್ರು. ಮಂಡಿ ಯಜಮಾನ್ರು ಇಬ್ಬರ ಮುಖಾನೂ ನೋಡಿ, ನಂಗೆ "ಟೀ ತಗೊಂಡು ಬಾರಯ್ಯ" ಅಂದ್ರು. ಅರ್ಥವಾಗ್ದಿದ್ದಕ್ಕೆಲ್ಲ ಅವರದ್ದು ಅದೇ ತೀರ್ಪು. ನಾನೂ ನನ್ನ ನಾಯೀನೂ ಹೋದ್ವಿ.

೨. ಅಜ್ಜಂಪುರದ ಮೂಟೆ

ಅಜ್ಜಂಪುರದ ಗೋಡೌನ್ ಕ್ಲರ್ಕ್ ಕಲೀಲಿ ಅಂತ ಫೈಲಿನ ನಕಲು ಮಾಡಿ ಕೊಟ್ರು. ಫೈಲೇನೋ ನಕಲು, ಅದು ಎಬ್ಬಿಸೋ ಟ್ರಿಗರ್ ಮಾತ್ರ ಸಾಹೇಬ್ರ ಲೈಬ್ರರೀಲಿ ಕೂತಿದ್ದ ಅಸಲೀದೇ. ಅವನು ಸುಮ್ನೆ ನಲವತ್ತು ಮೂಟೆ ರೆಡಿ ಅಂತ ಒತ್ತಿದ. ತರೀಕೆರೆಯಿಂದ ನಿಜವಾದ ಲಾರಿ ಬಂದು ನಿಂತ್ಕೊಳ್ತು. ಮೂಟೆ ಎಲ್ಲಿ ಅಂದ ಡ್ರೈವರ್‌ಗೆ, "ಅದು ಕಲಿಯೋಕೆ ಹಾಕಿದ್ದು ಕಣಣ್ಣ" ಅಂದ ಕ್ಲರ್ಕು. ಡ್ರೈವರ್ ಬೀಡಿ ಹಚ್ಚಿ, "ಇಪ್ಪತ್ತು ವರ್ಷ ಆದ್ಮೇಲೆ ನಾನೂ ಡ್ರೈವಿಂಗ್ ಕಲಿತಂಗಾಯ್ತು ಬಿಡು" ಅಂದ.

೩. ಟವೆಲು

ತರೀಕೆರೇಲೂ ಅಂಥದ್ದೇ ಮಿಷನ್ ತಂದ್ರು. ಫೈಲ್ ಇರೋ ಲೈಬ್ರರೀನ ಟೇಪಿಗೆ ತುಂಬಿ, ಟವೆಲಲ್ಲಿ ಸುತ್ತಿ, ಎದೆಗೊತ್ಕೊಂಡು ನಾನೇ ಬಸ್ಸಲ್ಲಿ ಹೋದೆ. ಅಲ್ಲಿ ಹಾಕಿದ್ರೆ ಆ ಫೈಲು ಒಂದು ಎಂಟ್ರೀನೂ ಒಳಗೆ ಬಿಡ್ಲಿಲ್ಲ, ಟ್ರಿಗರ್ ಎಲ್ಲಿ ಅಂತ ಹಠ ಹಿಡೀತು. ಟ್ರಿಗರ್ ಬೀರೂರಲ್ಲೇ ಉಳಿದಿತ್ತು. ಸಾಹೇಬ್ರು ಫೋನಲ್ಲಿ, ಅಜ್ಜ ಟೇಪನ್ನ ಬಿಸಿಲಿಗೆ ಇಟ್ಟಿರ್ಬೇಕು ಅಂದ್ರು.

"ಟವೆಲು ಟೇಪಿಗೆ ಕೊಟ್ಟೆ ಕಣ್ರೀ. ಬಿಸಿಲು ತಿಂದಿದ್ದು ನನ್ನ ಬೋಳು ತಲೆ" ಅಂದೆ.

೪. ಕುರಿ ಎಲ್ಲಿ

ಮಾರನೇ ದಿನ ಸಾಹೇಬ್ರು ತಪ್ಪೆಲ್ಲ ಮೇಡಂ ತಲೆಗೆ ಕಟ್ಟಿದ್ರು. ನಾಳೆಯಿಂದ ಬರ್ಬೇಡಮ್ಮ ಅನ್ನೋ ಮಾತು ಯಜಮಾನ್ರ ಬಾಯಿಗೇ ಬಂದಿತ್ತು. ಪಾಪ, ಆಯಮ್ಮ ತಲೆ ತಗ್ಗಿಸಿ ನಿಂತಿತ್ತು. ನನ್ನ ಕೈಲಿ ತಡ್ಯೋಕಾಗ್ಲಿಲ್ಲ.

"ಯಜಮಾನ್ರೇ, ನಾನು ಯಗಟೀಲಿ ಕುರಿ ಕಾದೋನು. ಮಂದೆ ಎಲ್ಲಿಗೆ ಹೊಡೆದ್ರೂ ನಾಯಿ ಜೊತೆಗೇ ಹೋಗುತ್ತೆ. ನಾಯಿಗಳನ್ನೆಲ್ಲ ಒಂದ್ಕಡೆ ನೀಟಾಗಿ ಕಟ್ಟಾಕಿ ಕುರೀನ ಮಾತ್ರ ತರೀಕೆರೆಗೆ ಹೊಡೀತಾರಾ? ಮೇಡಂ ಮೊದ್ಲಿಂದ ಹೇಳಿದ್ದು ಅದೇ."

ಸಾಹೇಬ್ರು ನಕ್ಕು ಬಾಗಿಲ ಕಡೆ ಕೈ ತೋರ್ಸಿದ್ರು. ನನ್ನ ನಾಯಿ ಎಸಿ ಗಾಳೀಗೆ ಮೂತಿ ಕೊಟ್ಟು ಮಲಗಿತ್ತು. "ನಿನ್ನ ನಾಯಿ ಇಲ್ಲಿದೆ, ಕುರಿ ಎಲ್ಲಯ್ಯಾ?"

ಮೇಡಂ ಮೆಲ್ಲಗೆ, "ಅಜ್ಜ ಎಲ್ಲಿ ಹೋದ್ರೂ ಅದು ಹಿಂದೇನೇ ಬರುತ್ತೆ ಸಾರ್" ಅಂದ್ರು.

ಯಜಮಾನ್ರು ನಾಯಿ ನೋಡಿದ್ರು, ನನ್ನ ನೋಡಿದ್ರು, ಹೊಟ್ಟೆ ಹಿಡ್ಕೊಂಡು ನಕ್ರು. ಟ್ರಿಗರ್ ಫೈಲ್ ಜೊತೆಗಿರ್ಲಿ, ಮೇಡಂ ಮಿಷನ್ ಜೊತೆಗಿರ್ಲಿ ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, "ಏ ಕುರಿ, ಟೀ ತಗೊಂಡು ಬಾ" ಅಂದ್ರು.

ಹೋದೆ. ನಾಯೀನೂ ಎದ್ದು ಹಿಂದೇನೇ ಬಂತು.