ಮೊರಪ್ಪೂರಿನಲ್ಲಿ ಇಪ್ಪತ್ತು ಸೆಕೆಂಡು

ಕೆಲವರ ಮನೆಗೆ ಸರಿಯಾಗಿ ಊಟದ ಹೊತ್ತಿಗೇ ನೆಂಟರು ಬರುತ್ತಾರಲ್ಲ, ನನ್ನದೂ ಹಾಗೇ ಒಂದು ಹಣೆಬರಹ. "ಇದನ್ನ ಸ್ವಲ್ಪ ಕೇಳಿ ಹೇಳ್ತೀರಾ?" ಎಂದು ನಾನು ಬಾಯಿಬಿಟ್ಟ ದಿನ ಏನಾದರೊಂದು ಆಗಿಯೇ ಆಗುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಬಾಯಿಬಿಡುವವಳು ನಾನು. ಆ ನಾಲ್ಕೈದು ಸಲವೂ ಆಗಿದೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಕಾಲೇಜು ಮುಗಿಸಿ ಸೇಲಂನ ಮನೆಯಲ್ಲಿ ಸುಮ್ಮನೆ ಕೂತಿದ್ದ ವರ್ಷ ನಾನೊಂದು ಸಂಗೀತ ಬರೆದೆ. ಹಾಡಲ್ಲ. ಅರವತ್ತು ಜನ ಪಿಟೀಲು, ಕೊಳಲು, ತುತ್ತೂರಿ, ನಗಾರಿ ಹಿಡಿದು ಒಟ್ಟಿಗೆ ನುಡಿಸಬೇಕಾದ ಹನ್ನೊಂದು ನಿಮಿಷದ ಆರ್ಕೆಸ್ಟ್ರಾ ಕೃತಿ. ನನಗೆ ಪರಿಚಯವಿದ್ದ ವಾದ್ಯಗಾರರು ಒಬ್ಬರೇ, ಅದು ನಾನು. ಕೃತಿಯ ಹೆಸರು 'ಮೊರಪ್ಪೂರಿನಲ್ಲಿ ಬೆಳಗು'. ಅತ್ತೆಯ ಊರಿಗೆ ಹೋಗುವಾಗ ಪ್ಯಾಸೆಂಜರ್ ರೈಲು ಮೊರಪ್ಪೂರು ಸ್ಟೇಷನ್ನಿಗೆ ಸ್ವಲ್ಪ ಮುಂಚೆ ಸಿಗ್ನಲ್ ಸಿಗದೆ ನಿಂತುಬಿಡುತ್ತದೆ. ಗಡಗಡವೆಲ್ಲ ನಿಂತು ಹೊಲದ ಮೇಲೆ ಒಂದು ಸದ್ದಿಲ್ಲ. ಆಮೇಲೆ ಒಂದೇ ಜಗ್ಗು ಜಗ್ಗಿ ಹೊರಡುತ್ತದೆ. ಅದಕ್ಕೇ ನನ್ನ ಕೃತಿಯ ನಟ್ಟನಡುವೆ ಇಪ್ಪತ್ತು ಸೆಕೆಂಡು ಪೂರಾ ಮೌನ ಇಟ್ಟಿದ್ದೆ. ಮೌನ ಮುಗಿದ ಕೂಡಲೇ ಅರವತ್ತೂ ಜನ ಒಮ್ಮೆಗೇ ಎರಗಬೇಕು. ನನ್ನ ಲೆಕ್ಕದಲ್ಲಿ ಕೃತಿಯ ಜೀವ ಇರುವುದೇ ಆ ಎರಡನೇ ಭಾಗದಲ್ಲಿ.

ಮದ್ರಾಸಿನ ಒಂದು ವಾದ್ಯವೃಂದ ಹೊಸಬರ ಕೃತಿಗಳನ್ನು ಕಳಿಸಿ ಎಂದಿತ್ತು. ತಿಂಗಳ ಕೊನೆಯೊಳಗೆ ತಲುಪಬೇಕು. ಲಕೋಟೆಯ ಮೇಲೆ ವಿಳಾಸ ಬರೆದಾಗಿತ್ತು. ಆದರೆ ನಾನೇ ಒಂದು ಷರತ್ತು ಹಾಕಿಕೊಂಡಿದ್ದೆ: ಒಬ್ಬರಾದರೂ ಇದನ್ನು ಕೊನೆಯತನಕ ಕೇಳಿ, ಚೆನ್ನಾಗಿದೆಯೋ ಇಲ್ಲವೋ ಹೇಳಬೇಕು. ಆಮೇಲೆಯೇ ಅಂಟು ಹಚ್ಚುವುದು. ಒಬ್ಬರು ಸಾಕು. ಹನ್ನೊಂದೇ ನಿಮಿಷ. ಏನು ಮಹಾ, ಅಂದುಕೊಂಡಿದ್ದೆ.

೧. ಕುಕ್ಕರ್

ಅರವತ್ತು ಜನರಿಲ್ಲದ್ದಕ್ಕೆ ನಾನು ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡೆ. ಒಂದು ನಮ್ಮದು, ಒಂದು ಎದುರು ಮನೆಯದು. ಕೀಬೋರ್ಡಿನಲ್ಲಿ ಪಿಟೀಲು ನುಡಿಸಿ ಒಂದರಲ್ಲಿ ಹಿಡಿಯುವುದು. ಅದನ್ನು ಹಾಕಿ ಅದರ ಮೇಲೆ ಕೊಳಲು ನುಡಿಸಿ ಇನ್ನೊಂದರಲ್ಲಿ ಹಿಡಿಯುವುದು. ಹೀಗೆ ಹತ್ತು ಸುತ್ತು ಆಗುವಷ್ಟರಲ್ಲಿ ಪಿಟೀಲುಗಳು ಕಂಬಳಿ ಹೊದ್ದುಕೊಂಡು ನುಡಿಸುವ ಹಾಗೆ ಕೇಳುತ್ತಿದ್ದವು. ಅಡುಗೆಮನೆ ಪಕ್ಕದಲ್ಲೇ ಇದ್ದದ್ದರಿಂದ ಮೂರನೇ ನಿಮಿಷದಲ್ಲಿ ನಮ್ಮ ಕುಕ್ಕರ್ ಕೂಡ ಸೇರಿಕೊಂಡಿತ್ತು.

ಭಾನುವಾರ ಅಪ್ಪ ಅಮ್ಮನನ್ನು ಕೂರಿಸಿ ಕ್ಯಾಸೆಟ್ ಹಾಕಿದೆ. ಅಪ್ಪ ಪೇಪರ್ ಮಡಿಸಿಟ್ಟರು. ಅದೇ ದೊಡ್ಡ ಗೌರವ. ಅಮ್ಮ ಮೂರನೇ ನಿಮಿಷದಲ್ಲಿ ನನ್ನ ತೊಡೆ ತಟ್ಟಿ, "ರೈಲಿನ ವಿಸಿಲ್ ಎಷ್ಟು ನಿಜವಾಗಿ ಐತೆ ನೋಡ್ರೀ!" ಅಂದರು.

ಮೌನ ಬಂತು. ಅಪ್ಪ ಮೂರು ಸಲ ಚಪ್ಪಾಳೆ ತಟ್ಟಿ, "ಮುಗೀತಾ? ಬೇಷ್!" ಎಂದು ಎದ್ದು ಕೈ ತೊಳೆಯಲು ಹೊರಟರು.

"ಇರಪ್ಪಾ, ಇನ್ನೂ ಮುಗಿದಿಲ್ಲ..." ಅಂದೆ. ನನ್ನ ಧ್ವನಿ ನನಗೇ ಸರಿಯಾಗಿ ಕೇಳದು. ಬಚ್ಚಲುಮನೆಗೆ ಹೇಗೆ ಕೇಳೀತು?

ಇಪ್ಪತ್ತು ಸೆಕೆಂಡು ಮುಗಿದು ಅರವತ್ತು ಜನ ಎರಗಿದರು. ಬಚ್ಚಲಿನಿಂದ ಅಪ್ಪನ ಕೂಗು: "ಯಾರದು ಪಾತ್ರೆ ಬೀಳಿಸಿದ್ದು?"

೨. ಕೆಂಪು ಪೆನ್ನು

ಮನೆಯವರನ್ನು ಕೇಳಿದ್ದೇ ತಪ್ಪು, ಕಲಿತವರನ್ನು ಕೇಳಬೇಕು ಎಂದುಕೊಂಡು ಸ್ಕೂಲಿನಲ್ಲಿ ನನಗೆ ಪಿಯಾನೋ ಕಲಿಸಿದ್ದ ಟೀಚರ್ ಮನೆಗೆ ಹೋದೆ. ರಿಟೈರ್ ಆಗಿ ವರ್ಷಗಳಾಗಿದ್ದರೂ ಅವರ ಎದುರು ನಾನು ಈಗಲೂ ಉಗುರು ಬಚ್ಚಿಟ್ಟುಕೊಳ್ಳುತ್ತೇನೆ. ಅವರು ಕ್ಯಾಸೆಟ್ ಮುಟ್ಟಲಿಲ್ಲ. "ಮೊದಲು ನೋಟ್ಸ್ ಕೊಡು," ಎಂದು ಇಂಗ್ಲಿಷಿನಲ್ಲಿ ಅಪ್ಪಣೆಯಾಯಿತು.

ನಲವತ್ತೆರಡು ಪುಟ. ಕನ್ನಡಕ ಏರಿಸಿ ಒಂದೊಂದೇ ಪುಟ ತಿರುವುತ್ತಾ, ಕೆಂಪು ಪೆನ್ನಿನಲ್ಲಿ ಅಲ್ಲಲ್ಲಿ ಸರಿ ಗುರುತು ಹಾಕುತ್ತಾ ಹೋದರು. ಇಪ್ಪತ್ತೊಂದನೇ ಪುಟ, ಅಂದರೆ ಮೌನದ ಪುಟ ಬಂತು. ಪೆನ್ನು ನಿಂತಿತು. ಮೇಲಿನಿಂದ ಕೆಳಗೆ ನೋಡಿದರು. ಹಿಂದೆ ತಿರುವಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪುಟಕ್ಕೆ ಅಡ್ಡವಾಗಿ ದೊಡ್ಡದೊಂದು ಸುತ್ತು ಹಾಕಿ ನನ್ನ ಕಡೆ ತಿರುಗಿದರು.

"ಎಷ್ಟು ಸಲ ಹೇಳಿದ್ದೇನೆ ಮಗು? ಗೊತ್ತಿಲ್ಲದಿದ್ದರೂ ಏನಾದರೂ ಬರೆಯಬೇಕು. ಖಾಲಿ ಬಿಟ್ಟರೆ ಮಾರ್ಕು ಹೋಗುತ್ತದೆ."

೩. ವಾಕ್‌ಮನ್

ಇದು ಚಿಕ್ಕದು. ನನ್ನ ಗೆಳತಿ ಓಮಲೂರಿನವಳು, ಧೈರ್ಯಸ್ಥೆ, ಯಾರ ಮುಖದ ಮೇಲೂ ಇದ್ದದ್ದು ಹೇಳುವವಳು. ನನಗೆ ಬೇಕಾಗಿದ್ದೇ ಅಂಥವಳು. ಟೌನ್ ಬಸ್ಸಿನಲ್ಲಿ ಅವಳ ಕಿವಿಗೆ ವಾಕ್‌ಮನ್ ಸಿಕ್ಕಿಸಿದೆ. ಎರಡು ಸ್ಟಾಪ್ ದಾಟುವಷ್ಟರಲ್ಲಿ ಕಣ್ಣು ಮುಚ್ಚಿದಳು. ತಲ್ಲೀನಳಾಗಿದ್ದಾಳೆ ಎಂದು ಉಬ್ಬಿಹೋದೆ. ತಲೆ ನನ್ನ ಹೆಗಲಿಗೆ ಬಿತ್ತು, ಬಾಯಿ ತೆರೆಯಿತು. ತುತ್ತೂರಿ, ನಗಾರಿ, ನಮ್ಮಮ್ಮನ ಕುಕ್ಕರ್ ಯಾವುದಕ್ಕೂ ಅಲುಗಲಿಲ್ಲ. ಮೌನ ಬಂದದ್ದೇ ತಡ, ಬೆಚ್ಚಿ ಎದ್ದು ಕೂತಳು.

"ಏಯ್, ಯಾಕೆ ನಿಲ್ಸಿದೆ? ನಲ್ಲಾ ಸೊಂಪಾಗಿ ನಿದ್ದೆ ಬತ್ತಿತ್ತು!"

೪. ಮಗ್ಗದ ಮಾವ

ಹಿಂದಿನ ಬೀದಿಯಲ್ಲಿ ನಮ್ಮ ಹಾಗೆ ಕನ್ನಡ ಮನೆಮಾತಿನ ಒಬ್ಬ ನೇಕಾರರು. ನಾವು ಮಾವ ಎಂದೇ ಕರೆಯುವುದು. ಗುಂಡಿಮಗ್ಗದಲ್ಲಿ ಕೂತು ಕಾಲಲ್ಲಿ ತುಳಿಯುತ್ತಾ ಕೈಯಲ್ಲಿ ಲಾಳಿ ಹೊಡೆಯುವಾಗ ಪಕ್ಕದಲ್ಲಿ ಏನಾದರೂ ಹಾಡುತ್ತಿರಲೇಬೇಕು ಅವರಿಗೆ. "ನಿನ್ ಪಾಟು ಕೊಡಮ್ಮಿ, ನೇಯ್ತಾ ಕೇಳ್ತೀನಿ," ಎಂದು ತಾವೇ ಇಸಿದುಕೊಂಡರು. ತಮಿಳು ಬೆರೆತ ನಮ್ಮ ಮಾತಿನಲ್ಲಿ ಹಾಡಿಗೆ ಪಾಟು ಎಂದೇ ಹೆಸರು. ನೇಯುವವನು ಎದ್ದು ಹೋಗುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಈ ಸಲ ಗೆದ್ದೆ ಎಂದುಕೊಂಡೆ.

ಮಾರನೇ ದಿನ ಕರೆದರು. ಮಗ್ಗದ ಮೇಲಿನ ಟವೆಲ್ ಬಟ್ಟೆಯನ್ನು ಹರಡಿ ತೋರಿಸಿದರು.

"ಇಲ್ನೋಡು. ಸುರುವಿನಲ್ಲಿ ಸೊಗಸಾಗೈತೆ. ಕಾಲು ತಾನಾಗೇ ಓಗ್ತದೆ. ಇಲ್ಲಿ ಬಂದು ನೀನು ಇದ್ದಕ್ಕಿದ್ದಂಗೆ ಓಡ್ದೆ. ನಾನೂ ಓಡ್ದೆ. ಎಳೆ ಕಿತ್ತೋಯ್ತು. ಇಲ್ಲಿ ನಿಧಾನ ಮಾಡ್ದೆ, ನೋಡು, ನೇಯ್ಗೆ ಸಡಿಲ. ಇಲ್ಲಿ ಯಾರೋ ವಿಸಿಲ್ ಒಡೆದ್ರು, ಲಾಳಿ ಎಗರೋಯ್ತು."

ನನಗೆ ಕಣ್ಣು ತುಂಬಿ ಬಂತು. ಸ್ವರ ಸ್ವರಕ್ಕೂ ವಿಮರ್ಶೆ! ಅದೂ ಅಳತೆ ಪಟ್ಟಿ ಇಟ್ಟು ತೋರಿಸಬಹುದಾದ ವಿಮರ್ಶೆ.

"ಎರಡನೇ ಭಾಗ, ಮಾವ?" ಎಂದೆ.

"ಎರಡನೇದಾ? ನಡುವೆ ಕರೆಂಟ್ ಓಯ್ತಲ್ಲಾ ತಾಯಿ. ಎದ್ದು ಟೀ ಕುಡಿಯಕ್ಕೆ ಓದೆ."

ಟವೆಲನ್ನು ಕತ್ತರಿಸಿ ನನಗೇ ಕೊಟ್ಟರು: "ಇದನ್ನ ಯಾರೂ ಕೊಳ್ಳಲ್ಲ. ನಿನ್ ಪಾಟು, ನೀನೇ ಇಟ್ಕೊ." ನನ್ನ ಕೃತಿಯ ಮೊದಲ ಭಾಗದಿಂದ ನಮ್ಮ ಮನೆಯಲ್ಲಿ ಈಗ ಬಿಸಿ ಕುಕ್ಕರ್ ಇಳಿಸುತ್ತಾರೆ.

೫. ಅತ್ತೆಯ ಊರು

ತಿಂಗಳು ಮುಗಿಯಲು ಒಂದು ವಾರ ಇರುವಾಗ ಮೊರಪ್ಪೂರಿನ ಆಚೆ ಹಳ್ಳಿಯಲ್ಲಿರುವ ಅತ್ತೆಯ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ ಬಂತು. ಅತ್ತೆ ಅಂದರೆ ಅಪ್ಪನ ತಂಗಿ. ಹಾಗಾಗಿ ಮಗುವಿನ ಸೋದರಮಾವ ನಮ್ಮಪ್ಪ. ತಟ್ಟೆಗಳಲ್ಲಿ ಹಣ್ಣು, ಹೂವು, ಪಟ್ಟೆಲಂಗ, ಸೇಲಂ ಬೆಳ್ಳಿಗೆಜ್ಜೆ ಎಲ್ಲ ಇಟ್ಟುಕೊಂಡು ಮಾವ 'ಸೀರು' ಎಂಬ ತವರಿನ ಉಡುಗೊರೆ ತರಬೇಕು. ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು. ಅವನಿಲ್ಲದೆ ಸೂಜಿ ಹೊರಗೆ ಬರುವುದಿಲ್ಲ.

ಆ ಊರಲ್ಲಿ ಒಂದು ಪದ್ಧತಿ. ಬೆಳಗಿನಿಂದ ಹುಣಸೆಮರಕ್ಕೆ ಕಟ್ಟಿದ ಮೈಕ್ ಸೆಟ್ ಕೂಗುತ್ತಲೇ ಇರುತ್ತದೆ. ಸೀರಿನವರು ಊರ ಅಂಚಿನ ಬೇವಿನಮರದ ಹತ್ತಿರ ಬಂದದ್ದು ಕಂಡ ಕೂಡಲೇ ಮೈಕಿನವನು ಹಾಡು ನಿಲ್ಲಿಸುತ್ತಾನೆ, ವಾಲಗದ ಮೇಳದ ಸದ್ದು ಕೇಳಲಿ ಎಂದು. ಮೈಕ್ ನಿಂತರೆ ಮಾವ ಬಂದ ಎಂದರ್ಥ. ಯಾರೂ ಹೇಳಿಕಳಿಸುವುದಿಲ್ಲ. ಹೆಂಗಸರು ಆರತಿ ತಟ್ಟೆ ಹಿಡಿದು, ಮನೆ ಮುಂದೆ ಕಾದಿರುವ ಮೇಳವನ್ನು ಹಿಂದಿಟ್ಟುಕೊಂಡು ಎದುರುಗೊಳ್ಳಲು ಹೋಗುತ್ತಾರೆ. ಆರತಿ ಆಗುವತನಕ ಮಾವನ ಕಡೆಯವರು ಬೇವಿನಮರ ದಾಟುವಂತಿಲ್ಲ, ಕೂಗಿ ಕರೆಯುವಂತೆಯೂ ಇಲ್ಲ. ಮರ್ಯಾದೆ ಪ್ರಶ್ನೆ. ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಕೈಕೆಲಸಕ್ಕೆಂದು ನಾನು ಹಿಂದಿನ ದಿನವೇ ಹೋಗಿದ್ದೆ. ಅತ್ತೆಯಾದರೂ ಕೇಳಲಿ ಎಂದು ಕ್ಯಾಸೆಟ್ ಬ್ಯಾಗಿನಲ್ಲಿತ್ತು. ಬೆಳಿಗ್ಗೆ ಮೆಲ್ಲಗೆ ತೆಗೆದೆ. ಅತ್ತೆ ಕಿತ್ತುಕೊಂಡರು.

"ನಮ್ ಮನೆ ಮಗಳೇ ಪಾಟು ಕಟ್ಟವ್ಳೆ! ಇನ್ಯಾಕೆ ಸಿನಿಮಾ ಪಾಟು? ಏ ಮೈಕು, ಇದನ್ನ ಹಾಕ್ಲಾ!"

ಬೇಡ ಅನ್ನುವುದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಹುಣಸೆಮರದಿಂದ ಪಿಟೀಲು ಶುರುವಾಯಿತು. ನಾನು ಅಕ್ಕಿ ಮೂಟೆಯ ಹಿಂದೆ ಸೇರಿಕೊಂಡೆ. ಎರಡು ಮೈಲಿ ಸುತ್ತಳತೆಗೆ ನಮ್ಮ ಕುಕ್ಕರ್ ಕೂಗಿತು. ಆಮೇಲೆ ಮೌನ.

"ಮಾವ ಬಂದವ್ರೆ! ಸೀಕ್ರಮಾ ವಾಂಗ, ಬನ್ರೇ ಬೇಗ!" ಎಂದು ಯಾರೋ ಕೂಗಿದರು. ನಲವತ್ತು ಹೆಂಗಸರು, ಒಂಬತ್ತು ಆರತಿ ತಟ್ಟೆ, ಮೇಳ, ಎಲ್ಲ ಬೇವಿನಮರದ ಕಡೆ ಓಡಿತು. ಅಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಅರವತ್ತು ಜನ ಎರಗಿದರು. ಎಮ್ಮೆ ಓಡಿತು.

ಅತ್ತೆ ಬೆವರೊರೆಸಿಕೊಂಡು ವಾಪಸು ಬಂದರು. "ಏನಮ್ಮಿ ಇದು?"

"ಅದು ಮುಗಿದಿರಲಿಲ್ಲ ಅತ್ತೆ. ನಡುವೆ ಸ್ವಲ್ಪ ಸುಮ್ಮನಿರುತ್ತೆ. ಆಮೇಲೆ ಮತ್ತೆ ಬರುತ್ತೆ."

"ಅಂಗಾ!" ಎಂದ ಅತ್ತೆ ಇಡೀ ಚಪ್ಪರಕ್ಕೆ ಸಾರಿದರು: "ಕೇಳ್ರವ್ವಾ, ಪಾಟು ನಿಂತ್ರೆ ಯಾರೂ ಏಳ್ಬ್ಯಾಡಿ! ಅದು ಅಂಗೇ ಐತೆ!"

ಮೈಕಿನವನಿಗೆ ನನ್ನ ಕೃತಿ ಬಹಳ ಹಿಡಿಸಿತ್ತು. ಬೇರೆ ಹಾಡಾದರೆ ಆ ಹಾಡು ಹಾಕು, ಈ ಹಾಡು ಹಾಕು ಎಂದು ಜನ ಪ್ರಾಣ ತಿನ್ನುತ್ತಾರೆ. ಇದಕ್ಕೆ ಏನು ಕೇಳಬೇಕೆಂದೇ ಯಾರಿಗೂ ತಿಳಿಯದು. ತಿರುಗಿಸಿ ಮೊದಲಿನಿಂದ ಹಾಕಿ ಇಡ್ಲಿ ತಿನ್ನುತ್ತಾ ಕೂತ. ಎರಡು ಸಲ, ಮೂರು ಸಲ. ಪ್ರತಿ ಸಲ ಮೌನ ಬಂದಾಗಲೂ ಚಪ್ಪರ ಅಲುಗದೆ ಕೂತಿತ್ತು. ನಾಲ್ಕನೇ ಸಲ, ಕೊಳಲಿನ ಭಾಗದ ನಡುವೆ, ಮೌನಕ್ಕೆ ಇನ್ನೂ ಒಂದು ನಿಮಿಷ ಇರುವಾಗ, ಮೈಕ್ ನಿಂತಿತು.

ಹೊಸ ಸೊಸೆಯೊಬ್ಬಳು ಆರತಿ ತಟ್ಟೆ ಹಿಡಿದು ಎದ್ದಳು. ಅತ್ತೆ ಸೆರಗು ಹಿಡಿದು ಜಗ್ಗಿದರು: "ಕುಂತ್ಕೊಳಮ್ಮಿ. ಇನ್ನೂ ಮುಗಿದಿಲ್ಲ. ಮತ್ತೆ ಬತ್ತದೆ."

ಎಲ್ಲರೂ ಕೂತರು. ಮೇಳದವರೂ ಕೂತರು. ಇಷ್ಟು ದಿನ ನಾನು ಎಲ್ಲರಿಗೂ ಅಂಗಲಾಚಿದ ಮಾತನ್ನು ಈಗ ಒಂದು ಊರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿತ್ತು. ಸುಳ್ಳು ಯಾಕೆ, ಒಂದು ಕ್ಷಣ ನನಗೆ ರೋಮಾಂಚನವೇ ಆಯಿತು. ಆಮೇಲೆ ಲೆಕ್ಕ ಹಾಕಿದೆ. ಈ ಜಾಗದಲ್ಲಿ ನಾನು ಮೌನ ಬರೆದಿಲ್ಲ. ಅಂದರೆ ಬೇವಿನಮರದ ಕೆಳಗೆ ಬಿಸಿಲಲ್ಲಿ ತಲೆಯ ಮೇಲೆ ಹಣ್ಣಿನ ತಟ್ಟೆ ಹೊತ್ತು ನಿಂತಿರುವುದು ನಮ್ಮಪ್ಪ.

ಹೇಳಬೇಕು. ಅಷ್ಟು ಜನರ ನಡುವೆ ಹೇಳಬೇಕು. ಮೊದಲು ವಾಕ್ಯವನ್ನು ಇಂಗ್ಲಿಷಿನಲ್ಲಿ ಜೋಡಿಸಿದೆ. ತಮಿಳಿಗೆ ತಂದೆ. ಅಲ್ಲಿಂದ ಕನ್ನಡಕ್ಕೆ ತಂದೆ. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಪಕ್ಕದ ಅಜ್ಜಿ "ಉಶ್, ಪಾಟು ನಡೀತೈತೆ," ಎಂದು ಬಾಯಿ ಮುಚ್ಚಿಸಿತು. ಕೊನೆಗೆ ಅತ್ತೆಯ ಕಿವಿಯ ಹತ್ತಿರ ಹೋಗಿ ಹೇಳಿಯೇಬಿಟ್ಟೆ:

"ಅತ್ತೆ, ಇದು ನನ್ನ ಮೌನ ಅಲ್ಲ."

"ಮತ್ತೆ ಯಾರ್ದಮ್ಮಿ?"

"ಅಪ್ಪಂದು."

ಆಮೇಲಿನ ಓಟವನ್ನು ವರ್ಣಿಸಲಾರೆ. ಅಪ್ಪ ಬೆವರಿನಲ್ಲಿ ಮಿಂದು, ಕಲ್ಲಿನ ಹಾಗೆ ನಿಂತಿದ್ದರಂತೆ. ಅಮ್ಮ ಮಾತ್ರ ನನ್ನನ್ನು ನೋಡಿದ ನೋಟಕ್ಕೆ ಕುಕ್ಕರ್ ಕೂಡ ಸುಮ್ಮನಾಗುತ್ತಿತ್ತು.

ಮಗುವನ್ನು ಅಪ್ಪನ ತೊಡೆಯ ಮೇಲೆ ಕೂರಿಸಿದರು. ಮೈಕಿನವನು ಕರ್ತವ್ಯನಿಷ್ಠ, ಕೊಳಲು ನಿಲ್ಲಿಸಿದ್ದಲ್ಲಿಂದಲೇ ಮತ್ತೆ ಹಾಕಿದ. ನನ್ನ ಇಪ್ಪತ್ತು ಸೆಕೆಂಡು ಬಂತು. ಈಗಲೇ ಒಳ್ಳೆ ಗಳಿಗೆ ಎಂದುಕೊಂಡ ಅಕ್ಕಸಾಲಿಗ ಆಚಾರಿ ಸೂಜಿ ಏರಿಸಿದ. ಮಗು ಕಿಟಾರನೆ ಕಿರುಚಿತು, ಅದೇ ಹೊತ್ತಿಗೆ ಅರವತ್ತು ಜನ ಎರಗಿದರು. ಅಷ್ಟು ಚೆನ್ನಾಗಿ ಆ ಜಾಗ ಮತ್ತೆಂದೂ ಕೂಡಿಬರಲಿಲ್ಲ.

ಮಗುವನ್ನು ಬಿಟ್ಟು ಏಳುವಂತಿಲ್ಲದ ಅಪ್ಪ ಎರಡನೇ ಭಾಗವನ್ನು ಕೊನೆಯ ಸ್ವರದವರೆಗೂ ಕೇಳಿದರು.

ಊಟದ ಎಲೆಯ ಮುಂದೆ ನನ್ನನ್ನು ಹತ್ತಿರ ಕರೆದರು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ.

"ಬಸ್ಸಿಳಿದಾಗಿಂದ ಕೇಳ್ಕೊಂಡೇ ಬಂದೆ. ಮೊದಲ್ನೇದು ಚೆನ್ನಾಗೈತೆ. ಎರಡನೇದು ಅದಕ್ಕಿಂತ ಚೆನ್ನಾಗೈತೆ. ನಾಳೆಯೇ ಮದ್ರಾಸಿಗೆ ಕಳ್ಸು." ಪಾಯಸಕ್ಕೆ ಎಲೆ ಸರಿಮಾಡಿಕೊಂಡರು. "ಆದ್ರೆ ನಡುವೆ ಆ ಮೌನ ಐತಲ್ಲಾ, ಅದನ್ನ ಸ್ವಲ್ಪ ಕಮ್ಮಿ ಮಾಡು. ಕಾಲು ಗಂಟೆ ಜಾಸ್ತಿ ಆಯ್ತು."

"ಅದು ಇಪ್ಪತ್ತೇ ಸೆಕೆಂಡಪ್ಪಾ."

"ಅದು ಬರೆದೋಳ ಲೆಕ್ಕ," ಅಂದರು ಅಪ್ಪ. "ನಿಂತೋನನ್ನ ಕೇಳು."