ಸೈಕಲ್ ಗಾಲಿಗೆ ಕುಳ್ಳಿನ ಬೆಂಕಿ

ಪದವಿ ಪಡೆದವನಿಗೆ ಆಗುವ ದೊಡ್ಡ ತೊಂದರೆ ಎಂದರೆ, ಆಮೇಲೆ ಯಾರ ಮುಂದೆಯೂ 'ನನಗೆ ಗೊತ್ತಿಲ್ಲ' ಎನ್ನಲು ಬಾಯಿ ಬರುವುದಿಲ್ಲ. ಅದಕ್ಕೂ ಮೊದಲು ನಾನು ದಿನಕ್ಕೆ ಹತ್ತು ಸಲ ಆ ಮಾತು ಆಡುತ್ತಿದ್ದೆ. ಯಾರೂ ಬೇಸರ ಮಾಡಿಕೊಂಡವರಲ್ಲ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲನೆಯವನು ನಾನು. ಅದಿರಲಿ, ಹತ್ತನೆಯ ತರಗತಿ ದಾಟಿದವರೂ ನನಗಿಂತ ಮೊದಲು ಯಾರೂ ಇರಲಿಲ್ಲ. ಮುದ್ದೇಬಿಹಾಳದಲ್ಲಿ ತಗಡಿನ ಕೋಣೆ ಹಿಡಿದು, ಅವ್ವ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದ ರೊಟ್ಟಿಯ ಗಂಟನ್ನು ವಾರವಿಡೀ ಮುರಿದು ತಿಂದು, ಗಣಿತದ ಒಂದು ಪೇಪರಿಗೆ ಎರಡು ಸಲ ಕೂತು ಗಳಿಸಿದ ಪದವಿ ಅದು. ಅಪ್ಪ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಬಂದ ಬೀಗರೆಲ್ಲ ಅದರ ಮುಂದೆ ನಿಂತು ತಲೆದೂಗುತ್ತಿದ್ದರು. ಅದನ್ನು ತಲೆಕೆಳಗಾಗಿ ತೂಗುಹಾಕಿದ್ದರೂ ಅಷ್ಟೇ ಭಕ್ತಿಯಿಂದ ತಲೆದೂಗುತ್ತಿದ್ದರು ಎಂದು ನನ್ನ ಗುಮಾನಿ. ಇಂಥ ಮನೆಯಲ್ಲಿ ಇರುವವನಿಗೆ ಗೊತ್ತಿಲ್ಲದ್ದು ಯಾವುದೂ ಇರಬಾರದು. ಸೈಕಲ್ಲಿನ ಹಿಂದಿನ ಗಾಲಿಯೂ ಸೇರಿ.

ತೊಂಬತ್ತರ ದಶಕದ ನಡುವಿನ ಮಾತಿದು. ನಮ್ಮೂರಿರುವುದು ಸಿಂದಗಿಯ ಹತ್ತಿರ. ನಮ್ಮೂರಿಂದ ಒಂಬತ್ತು ಕಿಲೋಮೀಟರ್ ಒಳಗಿನ ಒಂದು ಹೈಸ್ಕೂಲಿನಲ್ಲಿ ನನಗೆ ಹಂಗಾಮಿ ವಿಜ್ಞಾನ ಶಿಕ್ಷಕನ ಕೆಲಸ ಸಿಕ್ಕಿತ್ತು. ಆ ಊರಿಗೆ ಮೊದಲ ಬಸ್ಸು ಬರುವಷ್ಟರಲ್ಲಿ ಎರಡನೆಯ ಪಿರಿಯಡ್ ಮುಗಿದಿರುತ್ತಿತ್ತು. ಹಾಗಾಗಿ ಕಾಲೇಜಿನ ದಿನಗಳ ಸೈಕಲ್ಲೇ ಗತಿ. ಅದರ ಹಿಂದಿನ ಗಾಲಿಯ ರಿಮ್ಮು ತುಕ್ಕು ತಿಂದು, ಬಳುಕಿ, ಒಂದೊಂದು ಸುತ್ತಿಗೂ ಬ್ರೇಕಿಗೆ ತಾಗಿ 'ಚರ್ರ್' ಎನ್ನುತ್ತಿತ್ತು. ಹಿಂದಿನಿಂದ ನೋಡಿದವರಿಗೆ ಸೈಕಲ್ಲು ಸೊಂಟ ಕುಣಿಸುತ್ತ ಹೋದಂತೆ ಕಾಣುತ್ತಿತ್ತಂತೆ. ವಾರಕ್ಕೆರಡು ಕಡ್ಡಿ ಮುರಿಯುತ್ತಿದ್ದವು. ಮಳೆ ಬಿದ್ದ ದಿನ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು, ನಾನು ಸೈಕಲ್ಲಿನ ಮೇಲೆ ಹೋಗುವ ಬದಲು ಅದೇ ನನ್ನ ಹೆಗಲ ಮೇಲೆ ಬರುತ್ತಿತ್ತು. ನಾನು ಶಾಲೆ ಮುಟ್ಟುವಷ್ಟರಲ್ಲಿ ಮಕ್ಕಳು ಪ್ರಾರ್ಥನೆ ಹಾಡಿ ಒಳಗೆ ಹೋಗಿರುತ್ತಿದ್ದರು. ಹೆಡ್‌ಮಾಸ್ತರರು ಕೇಳಿದಾಗಲೆಲ್ಲ ಗಾಲಿಯ ಕಡೆ ಬೆರಳು ತೋರಿಸುತ್ತಿದ್ದೆ.

ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಮೈಬೂಬಣ್ಣ ಎರಡು ತಿಂಗಳ ಹಿಂದೆಯೇ ತೀರ್ಪು ಕೊಟ್ಟಿದ್ದ.

"ಸರ, ಇದಕ್ಕ ಆರು ಸಲ ಬೆಂಡ್ ತೆಗದೇನಿ. ಇನ್ನೊಮ್ಮೆ ತೆಗದ್ರ ರಿಮ್ಮಿಗೇ ಸಿಟ್ಟ ಬರತೈತಿ. ಬದಲಿ ಮಾಡ್ರಿ."

"ವಿಚಾರ ಮಾಡಿ ಹೇಳ್ತೇನಿ ತಡಿ, ಮೈಬೂಬಣ್ಣ."

"ಗಾಲಿ ಬದಲಿ ಮಾಡಾಕ ಏನ ವಿಚಾರರೀ? ಹೆಣ್ಣ ಕೊಡೂದೇನ್ ಇದು?"

ಅವನಿಗೇನು ಗೊತ್ತು! ಆ ಗಾಲಿಯ ಮೇಲೆಯೇ ನಾನು ಕಾಲೇಜು ಮುಗಿಸಿದ್ದೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬರುತ್ತಿರಲಿಲ್ಲ. ಆದರೆ ಖರೇ ಹೇಳಬೇಕೆಂದರೆ ಕಾರಣ ಬೇರೆಯೇ ಇತ್ತು. ಭೌತಶಾಸ್ತ್ರ ಓದಿದವನು, ಚಲನೆಯ ನಿಯಮಗಳನ್ನು ನಿದ್ದೆಯಲ್ಲೂ ಒದರುವವನು, ಒಂದು ಗಾಲಿಯ ವಿಷಯದಲ್ಲಿ ಮಿಸ್ತ್ರಿಯ ಮಾತಿಗೆ ತಲೆಯಾಡಿಸುವುದೇ? ರಿಪೇರಿಯೋ ಬದಲಿಯೋ ಎಂದು ಎರಡು ತಿಂಗಳು ವಿಚಾರ ಮಾಡಿದೆ. ಅಷ್ಟು ದಿನವೂ ತಡವಾಗಿ ಹೋದೆ.

ಒಂದು ಶುಕ್ರವಾರ ಹೆಡ್‌ಮಾಸ್ತರರು ನನ್ನನ್ನು ಕರೆದು ಕೂಡಿಸಿಕೊಂಡರು. ಮೆತ್ತಗಿನ ಮನುಷ್ಯ, ಬೈಯುವಾಗಲೂ ಚಹಾ ತರಿಸುತ್ತಿದ್ದರು.

"ಬರೂ ಸೋಮವಾರ ಪ್ರಾರ್ಥನಾದ ಹೊತ್ತಿಗೆ ಕಮಿಟಿಯವರು ಬರ್ತಾರ. ನಿಮ್ಮನ್ನ ಮುಂದುವರಸೂದೋ ಬ್ಯಾಡೋ ಅಂತ ಅವತ್ತ ಠರಾವು ಮಾಡ್ತಾರ. ನೀವು ಕಲಸೂದು ಛಲೋ ಐತಿ. ಆದ್ರ ಅವರು ಕಲಸೂದು ನೋಡೂದಿಲ್ಲ, ನಿಂತವರ ಸಾಲು ನೋಡ್ತಾರ. ಸಾಲಿನಾಗ ನೀವ ಇಲ್ಲಂದ್ರ ನಾ ಏನಂತ ಹೇಳ್ಲಿ?"

ಮಗ ಹೈಸ್ಕೂಲ್ ಮಾಸ್ತರನಾದ ಎಂದು ಅಪ್ಪ ಊರ ತುಂಬ ಹೇಳಿಕೊಂಡು ಬಂದಿದ್ದ. ಕೆಲಸ ಹೋದರೆ ನಾನು ಹೊಲಕ್ಕೆ ಹೋಗುವುದೇನೂ ದೊಡ್ಡದಲ್ಲ, ಆದರೆ ಅಪ್ಪ ಮತ್ತೆ ಅದೇ ಮನೆಗಳಿಗೆ ಹೋಗಿ ಏನು ಹೇಳಬೇಕು?

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವಾಗ ದಾರಿಯಲ್ಲಿ ನನಗೆ ಜ್ಞಾನೋದಯವಾಯಿತು. ನಮ್ಮ ಕಡೆ ಎತ್ತಿನ ಚಕ್ಕಡಿಯ ಗಾಲಿ ಸಡಿಲಾದರೆ ಅದರ ಸುತ್ತಿನ ಕಬ್ಬಿಣದ ಹಳಿಯನ್ನು ಬಿಚ್ಚಿ, ತುಸು ಕತ್ತರಿಸಿ ಕಿರಿದು ಮಾಡಿ, ಸುತ್ತ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕೆಂಪಗೆ ಕಾದ ಹಳಿಯನ್ನು ಕಟ್ಟಿಗೆಯ ಗಾಲಿಗೆ ತೊಡಿಸಿ ಮೇಲೆ ನೀರು ಸುರಿದರೆ, ಅದು ಕುಗ್ಗಿ ಗಾಲಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸಣ್ಣವನಿದ್ದಾಗಿನಿಂದ ನೋಡಿದ್ದು. ಯಾಕೆ ಹಾಗಾಗುತ್ತದೆ ಎಂಬುದನ್ನು ಕಾಲೇಜಿನಲ್ಲಿ ಓದಿದ್ದೆ. ಕಣ್ಣಾರೆ ಕಂಡದ್ದೂ ಓದಿದ್ದೂ ಎರಡೂ ಇರುವ ಮನುಷ್ಯ ನಮ್ಮ ತಾಲ್ಲೂಕಿನಲ್ಲಿ ನನ್ನ ಬಿಟ್ಟರೆ ಯಾರಿದ್ದಾರೆ?

ಟೈರು, ಟ್ಯೂಬು ಬಿಚ್ಚಿದೆ. ಅಂಗಳದಲ್ಲಿ ಗಾಲಿಯನ್ನು ಮಲಗಿಸಿ, ರಿಮ್ಮಿನ ಗುಂಟ ಕುಳ್ಳು ಜೋಡಿಸಿ ಬೆಂಕಿ ಹಚ್ಚಿದೆ. ಅಪ್ಪ ಎತ್ತು ಕಟ್ಟಿ ಬಂದು ನಿಂತ.

"ತಮ್ಮಾ, ಏನ ಮಾಡಾಕತ್ತೀ?"

"ಗಾಲಿ ಸರಿ ಮಾಡಾಕತ್ತೇನಿ. ಕಬ್ಬಿಣ ಕಾದ್ರ ಹಿಗ್ಗತೈತಿ, ತಂಪಾದ್ರ ಕುಗ್ಗತೈತಿ, ಅಪ್ಪಾ."

"ಅದು ನನಗೂ ಗೊತ್ತೈತಿ. ಆದ್ರ ಚಕ್ಕಡಿ ಗಾಲ್ಯಾಗ ಒಳಗ ಕಟ್ಟಿಗಿ ಇರತೈತಿ, ಹಳಿ ಅದನ್ನ ಹಿಡೀತೈತಿ. ಇದರಾಗ ಏನ ಹಿಡೀಬೇಕು?"

ಇಡೀ ಮೂರು ವರ್ಷದ ಬಿ.ಎಸ್ಸಿ.ಯಲ್ಲಿ ಯಾವ ಪ್ರಾಧ್ಯಾಪಕರೂ ನನಗೆ ಇಷ್ಟು ಕಠಿಣ ಪ್ರಶ್ನೆ ಕೇಳಿರಲಿಲ್ಲ. "ಅದು ಬ್ಯಾರೆ ಲೆಕ್ಕ, ನಿನಗ ತಿಳಿಯೂದಿಲ್ಲ" ಎಂದೆ. ಅಪ್ಪ ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ಪಡಸಾಲೆಯ ಕಡೆ ನೋಡಿದ. "ಹಂಗಿದ್ರ ಇರಲಿ, ಕಲ್ತಾಂವ ನೀ" ಎಂದವನೇ ತಾನೇ ಹೋಗಿ ಎರಡು ಕೊಡ ನೀರು ತಂದು ನನ್ನ ಪಕ್ಕದಲ್ಲಿಟ್ಟ. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುವುದು ಗಾಲಿಗಾಗಿ ಅಲ್ಲ, ಆ ಎರಡು ಕೊಡ ನೀರಿಗಾಗಿ.

ಕಾದ ಗಾಲಿಯ ಕಡ್ಡಿಗಳನ್ನೆಲ್ಲ ಬಿಗಿದು ನೀರು ಸುರಿದೆ. ಬುಸ್ಸೆಂದು ಹೊಗೆ ಎದ್ದಿತು. ಆ ಹೊಗೆಯೊಳಗಿಂದ 'ಟಣ್' 'ಟಣ್' ಎಂದು ಎರಡು ಕಡ್ಡಿ ಹಾರಿದವು; ಕೋಳಿಗಳು ಕೂಗುತ್ತ ಹಿತ್ತಲಿಗೆ ಓಡಿದವು. ಹೊಗೆ ಇಳಿದ ಮೇಲೆ ನೋಡಿದರೆ ಗಾಲಿ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಎರಡು ಕಡೆ ಎದ್ದು ಎರಡು ಕಡೆ ಬಿದ್ದಿತ್ತು. ಅಪ್ಪ ಒಂದು ಕಟ್ಟಿಗೆಯಿಂದ ಅದನ್ನು ಮಗುಚಿ ನೋಡಿದ.

"ಕುಗ್ಗಿದ್ದಂತೂ ಖರೇ" ಎಂದ.

ಮರುದಿನ ಬೆಳಿಗ್ಗೆ ಆ ಹಪ್ಪಳವನ್ನು ಹಿಡಿದುಕೊಂಡು ಸಿಂದಗಿಯ ಬಸ್ಸು ಹತ್ತಿದೆ. ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ ಇದು?" ಎಂದ. ಸೈಕಲ್ ಗಾಲಿ ಎಂದೆ. "ಇದನ್ನ ಹಾಕಿದ್ರ ಸೈಕಲ್ಲ ಯಾವ ಕಡೆ ಹೋಗತೈತ್ರಿ?" ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದ.

ಮೈಬೂಬಣ್ಣ ಮಾತ್ರ ನಗಲಿಲ್ಲ. ಗಾಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾರ ಮಾಡ್ಯಾರ ಇದನ್ನ?" ಎಂದ.

"ನಮ್ಮೂರಾಗ ಒಬ್ಬಾಂವ ಅದಾನ."

"ಕಲ್ತಾಂವೇನ್ರಿ?"

"ಹೌದು."

"ಅದಕ್ಕ ಮತ್ತ. ಕಲೀದಾಂವ ಆಗಿದ್ರ ಇಷ್ಟ ಧೈರ್ಯ ಮಾಡ್ತಿದ್ದಿಲ್ಲ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನೇ ಮಾಡೇನಿ, ಮೈಬೂಬಣ್ಣ. ನನಗ ಗೊತ್ತಿದ್ದಿಲ್ಲ" ಎಂದೆ. ಸೋಮವಾರದ ಸಂಗತಿಯನ್ನೂ ಹೇಳಿದೆ. ಅವನು ಗೋಣಿತಟ್ಟನ್ನು ನನ್ನ ಕಡೆ ಸರಿಸಿ, "ಹಂಗಿದ್ರ ಕೂಡ್ರಿ, ತೋರಸ್ತೇನಿ" ಎಂದ. ಗಾಲಿಯ ನಡುವೆ ಕಡ್ಡಿಗಳೆಲ್ಲ ಕೂಡುವ ಹಬ್‌ನ ಅಚ್ಚನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದ. ಅದು ಸದ್ದಿಲ್ಲದೆ ತಿರುಗಿತು.

"ಇದು ಬಂಗಾರ ಐತಿ. ಇದು ಇರಲಿ. ರಿಮ್ಮು, ಕಡ್ಡಿ ಅಷ್ಟ ಹೊಸಾವು ಹಾಕೂಣು."

ರಿಪೇರಿಯೂ ಆಯಿತು, ಬದಲಿಯೂ ಆಯಿತು. ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡದ್ದು ಅವನ ಎರಡು ಬೆರಳಿನ ಕೆಲಸವಾಗಿತ್ತು. ಕಡ್ಡಿ ಪೋಣಿಸುವುದನ್ನು ಅವನು ನನ್ನ ಕೈಯಿಂದಲೇ ಮಾಡಿಸಿದ. ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಯಾವುದನ್ನು ದಾಟಬೇಕು ಎಂದು ನಾನು ಮೂರು ಸಲ ತಪ್ಪಿದೆ. ಅವನು ಮೂರು ಸಲವೂ ಬಿಚ್ಚಿಸಿದ. "ಒಂದ ಕಡ್ಡಿ ಬಿಗದ್ರ ಎದರಿಗಿಂದಕ್ಕ ಸುದ್ದಿ ಮುಟ್ಟಬೇಕ್ರಿ" ಎನ್ನುತ್ತ ಕಡ್ಡಿಗಳನ್ನು ಬೆರಳಿಂದ ಮೀಟಿ ಕಿವಿಗೊಟ್ಟು ಕೇಳುತ್ತಿದ್ದ.

ಸೋಮವಾರ ಜವಾನ ಬಂದು ಶಾಲೆಯ ಗೇಟು ತೆಗೆಯುವ ಮೊದಲೇ ನಾನು ಅಲ್ಲಿದ್ದೆ. ಕಮಿಟಿಯ ಹಿರಿಯರೊಬ್ಬರು ನನ್ನನ್ನು ನೋಡಿ, "ಇವರ್ಯಾರು, ಇಷ್ಟ ಲಗೂ ಬಂದು ನಿಂತಾರಲ್ಲ?" ಎಂದರು. ಹೆಡ್‌ಮಾಸ್ತರರು ಕಣ್ಣು ಕೂಡ ಮಿಟುಕಿಸದೆ, "ನಮ್ಮ ಸೈನ್ಸ್ ಮಾಸ್ತರ್ರಿ. ದಿನಾ ಇದ ಹೊತ್ತಿಗೆ ಬರ್ತಾರ" ಎಂದರು. ಠರಾವು ಪಾಸಾಯಿತು. ಸಂಜೆ ಸುದ್ದಿ ಕೇಳಿ ಅಪ್ಪ ಹೊಸ ಗಾಲಿಯನ್ನು ಒರೆಸುತ್ತ ಕೂತುಬಿಟ್ಟ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಅದೇ ಗುರುವಾರ ನಾನು ಮತ್ತೆ ತಡವಾಗಿ ಹೋದೆ. ಹೆಡ್‌ಮಾಸ್ತರರು ಹೊರಗೆ ಬಂದರು. ಸೈಕಲ್ಲಿನ ಹಿಂಭಾಗವನ್ನು ಎತ್ತಿ ಹಿಡಿದು ಗಾಲಿಯನ್ನು ತಿರುವಿದರು. ಅದು ಎಳ್ಳಷ್ಟೂ ಆಚೀಚೆ ಆಗದೆ, ಎಲ್ಲಿಯೂ ತಾಗದೆ, ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಅವರು ನನ್ನ ಮುಖ ನೋಡಿದರು. ಒಂದು ಸಲ, ಒಂದೇ ಒಂದು ಸಲ 'ಚರ್ರ್' ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೈಬೂಬಣ್ಣನ ಕೈಕೆಲಸ, ಹೇಗೆ ಅಂದೀತು?

"ನಿದ್ದಿ ಬಂದಿತ್ರಿ, ಸರ" ಎಂದೆ.