ಸುಮ್ಮನೆ ಕೂರುವ ಅತ್ತೆ

ನಮ್ಮ ಸೋದರತ್ತೆ ದೆವ್ವವಲ್ಲ ಎಂದು ಇನ್ನೆಷ್ಟು ಜನರ ಮುಂದೆ ಆಣೆ ಮಾಡಲಿ? ನಮ್ಮೂರು ಜಾವಳಿಯಲ್ಲಿ ಒಬ್ಬರೂ ನಂಬುತ್ತಿಲ್ಲ. ಅವರ ತಪ್ಪೂ ಅಲ್ಲ ಬಿಡಿ. ಬೆಳಗಿನ ಮಂಜಿನಲ್ಲಿ, ಕಾಫಿ ಗಿಡಗಳ ಪಕ್ಕ, ಬೂದಿ ಬಣ್ಣದ ಶಾಲನ್ನು ತಲೆತುಂಬ ಹೊದ್ದು, ಮಿಸುಕಾಡದೆ ಕೂತ ಹೆಂಗಸೊಬ್ಬರು ಎದುರಾದರೆ ನೀವಾದರೂ ಏನೆಂದುಕೊಳ್ಳುತ್ತೀರಿ?

ಹಾಗೆ ಕೂರುವುದೇ ಅವರ ಕಸುಬು! ಎಡಿಎಚ್‌ಡಿ ಇರುವವರಿಗೆ, ಅಂದರೆ ಗಮನ ಒಂದು ಕಡೆ ನಿಲ್ಲದವರಿಗೆ, ಹಿಡಿದ ಕೆಲಸ ಮುಗಿಸುವುದನ್ನು ಕಲಿಸುತ್ತಾರೆ. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿಸುತ್ತಾರೆ, ಮೊದಲ ತುಂಡು ಯಾವುದೆಂದು ಬಾಯಿಬಿಟ್ಟು ಹೇಳಿಸುತ್ತಾರೆ, ಆಮೇಲೆ ಪಕ್ಕದಲ್ಲಿ ಸುಮ್ಮನೆ ಕೂತುಬಿಡುತ್ತಾರೆ. ಬೈಯುವಂತಿಲ್ಲ, ನೆನಪಿಸುವಂತಿಲ್ಲ, ಒಬ್ಬರ ಮುಖ ಒಬ್ಬರು ನೋಡುವಂತೆಯೂ ಇಲ್ಲ. ಯಾರೋ ಜೊತೆಗಿದ್ದಾರೆ ಅನ್ನುವುದೊಂದೇ ಸಾಕಂತೆ, ಓಡುವ ಮನಸ್ಸು ತಾನೇ ತಿರುಗಿ ಬರುತ್ತದಂತೆ.

ದೂರದವರಿಗಾಗಿ ವಸ್ತಾರೆಯ ತಮ್ಮ ಮನೆಯಿಂದಲೇ ವಿಡಿಯೊ ಕಾಲಿನಲ್ಲಿ ಕೂರುತ್ತಾರೆ. ಒಮ್ಮೆ ಹುಬ್ಬಳ್ಳಿಯ ಹುಡುಗಿಯೊಬ್ಬಳು ನೆಟ್‌ವರ್ಕ್ ಕೈಕೊಟ್ಟು ಚಿತ್ರ ನಿಂತಿದೆ ಎಂದುಕೊಂಡಳು. "ಯವ್ವಾ, ಈ ಅಜ್ಜಿ ಸತ್ತಗಿತ್ತ ಹೋಗ್ಯಾಳೇನ ನೋಡಬೇ!" ಎಂದು ತನ್ನಮ್ಮನನ್ನು ಕೂಗಿದಳು. ಚಿತ್ರದ ತುಟಿ ಮಾತ್ರ ಅಲ್ಲಾಡಿತು: "ಇನ್ನೂ ಇಲ್ಲ ಮಗಳೇ. ನೀನು ಎರಡನೇ ಪುಟ ಬರಿ." ಆ ಹುಡುಗಿ ಅವತ್ತು ಇಡೀ ಪ್ರಾಜೆಕ್ಟನ್ನೇ ಮುಗಿಸಿದಳಂತೆ, ಹೆದರಿಕೆಗೆ!

ಅತ್ತೆಯ ಶಿಷ್ಯರಲ್ಲಿ ಕೈಗೆ ಸಿಗದ ಕೇಸು ಎಂದರೆ ನಾನು. ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿದ ಕಾಫಿ ಬೀಜವನ್ನು ಲೋಳೆ ಬಿಡಲೆಂದು ಟ್ಯಾಂಕಿನಲ್ಲಿ ಇಟ್ಟಿರುತ್ತೇವೆ. ಬೆಳಿಗ್ಗೆ ಕೈಯಲ್ಲಿ ಉಜ್ಜಿದಾಗ ಗರಗರ ಎಂದ ಕೂಡಲೇ ತೊಳೆಯಬೇಕು. ತಡವಾದರೆ ಹುಳಿ ವಾಸನೆ ಹಿಡಿದು ಬೀಜ ಕೆಟ್ಟಿತೆಂದೇ ಲೆಕ್ಕ. ನಾನೋ, ಉಜ್ಜಿ ನೋಡಲು ಹೊರಟವಳು ದಾರಿಯಲ್ಲಿ ಸೋರುವ ಪೈಪು ಕಂಡು, ಪೈಪಿಗೆ ಕ್ಲಾಂಪು ತರಲು ಜೀಪು ಹತ್ತಿ, ಕೊನೆಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಸಿಕ್ಕಿಬಿದ್ದವಳು! ಕ್ಲಾಂಪನ್ನೂ ತಂದಿರಲಿಲ್ಲ.

ಎರಡನೇ ಸಲವೂ ಬೀಜ ಕೆಟ್ಟಾಗ ಅಪ್ಪ ಕೂಗಾಡಲಿಲ್ಲ. ಅದೇ ಭಯವಾಗಿದ್ದು. "ಇನ್ನೊಂದ್ಸಲ ಹಿಂಗಾದ್ರೆ, ಕೇಳ್ತಾ ಇರೋರಿಗೆ ತೋಟ ಗುತ್ತಿಗೆಗೆ ಕೊಟ್ಬಿಡ್ತೀನಿ ಮಾರಾಯ್ತಿ," ಎಂದರು. ಆ ತೋಟ ಬಿಟ್ಟರೆ ನನಗೆ ಬೇರೆ ಬದುಕು ಬೇಕಿರಲಿಲ್ಲ. ಅತ್ತೆಗೆ ಫೋನು ಮಾಡಿ ಗೊಳೋ ಎಂದು ಅತ್ತೆ.

ಮರುದಿನವೇ ಬಂದಿಳಿದರು. ಟ್ಯಾಂಕಿನ ಪಕ್ಕ ಬೆತ್ತದ ಕುರ್ಚಿ ಬಂತು. ಬೆಳಗಿನ ಮಂಜು ಎಂಥದ್ದೆಂದರೆ ಕುರ್ಚಿಯ ಕಾಲೂ ಕಾಣದು, ಅತ್ತೆಯ ಕಾಲೂ ಕಾಣದು. ಶಾಲೊಂದೇ ಗಾಳಿಯಲ್ಲಿ ಕೂತಿತ್ತು. ಕೆಲಸದ ಹೆಂಗಸರು ದಾರಿ ಬದಲಿಸಿ ಬಳಸಿಕೊಂಡು ಬಂದರು. ಮೇಸ್ತ್ರಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

"ಅಕ್ಕಾ, ಅಮ್ಮೋರು ಉಸಿರಾಡ್ತಿದಾರಾ?"

"ಹತ್ರ ಹೋಗಿ ನೋಡು."

"ನಾನಾ? ನಂಗೆ ಹೆಂಡ್ತಿ ಮಕ್ಳು ಇದಾರೆ!"

ಆದರೆ ಆ ಬೆಳಿಗ್ಗೆ ನಾನು ಟ್ಯಾಂಕು ಬಿಟ್ಟು ಕದಲಲಿಲ್ಲ. ಪೈಪಿನ ಪಾಡಿಗೆ ಪೈಪು ಸೋರಿತು. ಬೀಜ ಹದಕ್ಕೆ ಬಂದ ಕೂಡಲೇ ತೊಳೆದೆ.

ಹೀಗೇ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ತೊಳೆದು ಮುಗಿಸಿ "ಆಯ್ತು ಅತ್ತೆ" ಎಂದೆ. ಹತ್ತಿರ ಹೋಗಿ ಮುಟ್ಟಿದೆ. ಶಾಲು ಕುಸಿಯಿತು, ಒಳಗೆ ಅತ್ತೆ ಇರಲಿಲ್ಲ! ಫೋನು ಮಾಡಿದರೆ ಬಸ್ಸಿನ ಸದ್ದು.

"ಮೊದಲ್ನೇ ಬಸ್ಸಿಗೇ ಹೊರಟ್ನಲ್ಲೇ, ಆಲ್ದೂರು ದಾಟ್ತು."

"ಮತ್ತೆ ಇಷ್ಟೊತ್ತು ನನ್ ಜೊತೆ ಕೂತಿದ್ದು ಯಾರು?"

"ಯಾರೂ ಇಲ್ಲ. ಅದೇ ಪಾಠ. ಮೊದಲು ನಾನು, ಆಮೇಲೆ ಶಾಲು, ಆಮೇಲೆ ಬರೀ ಕುರ್ಚಿ, ಕೊನೆಗೆ ಅದೂ ಬೇಡ. ಸಾಯೋ ತನಕ ನಿನ್ನ ಟ್ಯಾಂಕು ಕಾಯ್ಲಾ ನಾನು?"

ವಿಷಯ ತಿಳಿದು ಅಪ್ಪ ಹಣೆ ಚಚ್ಚಿಕೊಂಡರು. "ಅರವತ್ತಕ್ಕೆ ಅರಳುಮರುಳು ಅಂತಾರೆ. ನಮ್ಮಕ್ಕನಿಗೆ ಮೂವತ್ತಕ್ಕೇ ಬಂದಿತ್ತು!"

ಆ ವರ್ಷದ ಕೊನೇ ಕುಯ್ಲಿನ ಬೀಜ ಟ್ಯಾಂಕಿನಲ್ಲಿತ್ತು. ಬೆಳಿಗ್ಗೆ ಹೋದರೆ ಕುರ್ಚಿಯ ಮೇಲೆ ಶಾಲು ಎಂದಿನಂತೆ ಇತ್ತು. ಪಾಠದಂತೆ ಅತ್ತ ನೋಡದೆ ಕೆಲಸಕ್ಕೆ ಕೂತೆ. ಮಂಜು ಇಳಿಯುತ್ತಾ ಇಳಿಯುತ್ತಾ ನನ್ನ ಕೈಯೇ ನನಗೆ ಕಾಣದಾಯಿತು. ಆಗ ಗೇಟಿನ ಕಡೆ ಜೀಪಿನ ಹಾರ್ನು ಕೇಳಿಸಿತು. ಯಾರಿರಬಹುದು? ಮನಸ್ಸು ಆಗಲೇ ಗೇಟು ತಲುಪಿತ್ತು. ಕಾಲೂ ಎದ್ದಿತು, ಹೆಜ್ಜೆಯೂ ಇಟ್ಟೆ.

ಹಿಂದೆ ಶಾಲು ಕೆಮ್ಮಿತು.

ಹೌದು, ಶಾಲು! ತಿರುಗಿ ನೋಡುವ ಧೈರ್ಯ ಯಾರಿಗಿದೆ? ತಟ್ಟನೆ ಕೂತು ಟ್ಯಾಂಕಿಗೆ ಕೈ ಹಾಕಿದೆ. ಹಾರ್ನು ಮತ್ತೆ ಮತ್ತೆ ಕೂಗಿ ನಿಂತುಹೋಯಿತು. ಬೀಜ ಗರಗರ ಎಂದಿತು. ಇಷ್ಟದೇವರ ಹೆಸರು ಹೇಳಿಕೊಂಡು, ಬೀಜವಷ್ಟನ್ನೂ ತೊಳೆದು ಮುಗಿಸಿದೆ.

ಬಿಸಿಲು ಬಂತು. ಮಂಜು ಹರಿದು, ಶಾಲಿನ ಕೆಳಗೆ ಒಂದು ಜೊತೆ ಗಂಬೂಟು ಕಂಡಿತು. ಅಪ್ಪನವು! ದಮ್ಮು ಇದೆ, ಮಂಜಿಗೆ ಮೈಯೊಡ್ಡಬಾರದು ಎಂದು ಡಾಕ್ಟರಿಂದ ಹೇಳಿಸಿಕೊಂಡಿದ್ದ ಅಪ್ಪ, ತಲೆತುಂಬ ಶಾಲು ಹೊದ್ದು ನಡುಗುತ್ತಾ ಕೂತಿದ್ದರು.

"ಅಪ್ಪಾ, ನೀವಾ?"

"ಹೆಂಗೆ ಕೂರೋದು ಅಂತ ನಿನ್ನೆ ಅಕ್ಕನ್ನ ಕೇಳ್ಕೊಂಡಿದ್ದೆ. ಸದ್ದು ಮಾಡ್ಬಾರ್ದು ಅಂದಿದ್ಳು. ಕೆಮ್ಮು ಬಂದ್ಬಿಡ್ತು ಮಗಾ, ತಪ್ಪಾಯ್ತು."

ಶಾಲನ್ನು ಅವರ ಎದೆಗೆ ಬಿಗಿಯಾಗಿ ಸುತ್ತುತ್ತಾ, "ಆ ಜೀಪು ಯಾರ್ದಪ್ಪಾ?" ಎಂದೆ.

"ತೋಟ ಗುತ್ತಿಗೆಗೆ ಕೇಳಿದ್ರಲ್ಲ, ಅವ್ರದ್ದು. ಕಾದು ಹೋದ್ರು ಅನ್ಸುತ್ತೆ, ಹೋಗ್ಲಿ ಬಿಡು," ಎಂದರು ಅಪ್ಪ. "ನಾನು ಎದ್ದಿದ್ರೆ ನೀನೂ ಏಳ್ತಿದ್ದೆ."